ಎರಡು ಗ್ರಹಣ, ಎರಡು ದತ್ತಿ: ಬೆಳ್ವೊಲದಲ್ಲಿ ಒಂದು ಮಹಾಶಕ್ತಿ ಇಳಿದ ಬಗೆ

ಶಕ ವರ್ಷ 1113, ಜ್ಯೇಷ್ಠ ಅಮಾವಾಸ್ಯೆ, ಭಾನುವಾರ. ಇಂದಿನ ಲೆಕ್ಕದಲ್ಲಿ 1191ರ ಜೂನ್ 23. ಅಂದು ಸೂರ್ಯಗ್ರಹಣ. ಸೇವುಣ ಅರಸ ಐದನೆಯ ಭಿಲ್ಲಮ ಗದುಗಿನ ತ್ರಿಕೂಟೇಶ್ವರನಿಗೆ ಹಿರಿಯ ಹಂದಿಗೋಳ ಗ್ರಾಮವನ್ನು ದತ್ತಿ ಬಿಟ್ಟ. ದತ್ತಿ ಪಡೆದವರು ಆ ಗುಡಿಯ ಕಾಳಾಮುಖ ಆಚಾರ್ಯರಾದ ಸಿದ್ಧಾಂತಿ ಚಂದ್ರಭೂಷಣ ಪಂಡಿತರು. ಹದಿನೇಳು ತಿಂಗಳು ಕಳೆದ ಮೇಲೆ, 1192ರ ನವೆಂಬರ್ 21ರ ಚಂದ್ರಗ್ರಹಣದಂದು, ಹೊಯ್ಸಳ ಇಮ್ಮಡಿ ವೀರಬಲ್ಲಾಳ ಲೊಕ್ಕಿಗುಂಡಿಯಲ್ಲಿ, ಅಂದರೆ ಇಂದಿನ ಲಕ್ಕುಂಡಿಯಲ್ಲಿ, ಬೀಡುಬಿಟ್ಟುಕೊಂಡು ಅದೇ ದೇವರಿಗೆ, ಅದೇ ಆಚಾರ್ಯರಿಗೆ ಹೊಂಬಾಳಲು ಗ್ರಾಮವನ್ನು ಧಾರೆ ಎರೆದ. ಹಿರೇಹಂದಿಗೋಳ, ಹೊಂಬಳ ಎಂಬ ಹೆಸರಿನಲ್ಲಿ ಎರಡೂ ಊರುಗಳು ಇಂದಿಗೂ ಗದಗ ತಾಲ್ಲೂಕಿನಲ್ಲಿವೆ. ಭಿಲ್ಲಮ, ಬಲ್ಲಾಳ ಇಬ್ಬರ ಮನೆತನಗಳೂ ಕಲ್ಯಾಣದ ಚಾಲುಕ್ಯರಿಗೆ ಸಾಮಂತರಾಗಿ ನಡೆದುಕೊಂಡು ಬಂದಂಥವು. ಈಗ ಊರನ್ನು ದಾನ ಕೊಡುವಾಗ ತಮ್ಮ ಮೇಲೆ ಇನ್ನೊಬ್ಬ ದೊರೆ ಇದ್ದಾನೆಂದು ಇಬ್ಬರೂ ಒಪ್ಪಿಕೊಳ್ಳಲಿಲ್ಲ.

ನರ್ಮದೆಯಿಂದ ತುಂಗಭದ್ರೆಯ ಆಚೆಯವರೆಗೆ ಇನ್ನೂರು ವರ್ಷ ಮಾತು ನಡೆಸಿದ ಒಂದು ಪ್ರಭುತ್ವ ಯಾವಾಗ, ಹೇಗೆ ಇಳಿಯಿತು ಎಂಬುದನ್ನು ರಾಜಧಾನಿಯಲ್ಲಿ ನಿಂತು ನೋಡುವುದಕ್ಕಿಂತ ಬೆಳ್ವೊಲ ಮುನ್ನೂರು, ಪುಲಿಗೆರೆ ಮುನ್ನೂರು ಎಂದು ಶಾಸನಗಳು ಕರೆಯುವ ಈ ಎರೆನೆಲದಲ್ಲಿ ನಿಂತು ನೋಡುವುದು ಮೇಲು. ಇಂದಿನ ಗದಗ, ಲಕ್ಕುಂಡಿ, ಲಕ್ಷ್ಮೇಶ್ವರಗಳು ಆ ಸಾಮ್ರಾಜ್ಯದ ಅಂಚಿನ ಊರುಗಳಾಗಿರಲಿಲ್ಲ, ಅದರ ನಡುಮನೆಯೇ ಆಗಿದ್ದವು. ಮಹಾಶಕ್ತಿಯೊಂದು ಕುಗ್ಗುತ್ತಿದೆಯೇ ಎಂದು ಕೇಳುವಾಗ ನಾವು ಸಾಮಾನ್ಯವಾಗಿ ಯುದ್ಧಗಳನ್ನು ಎಣಿಸುತ್ತೇವೆ, ಸಂಪತ್ತನ್ನು ತೂಗುತ್ತೇವೆ. ಗದಗ ಸೀಮೆಯ ಶಾಸನಗಳು ತೋರಿಸುವ ಅಳತೆಗೋಲು ಬೇರೆ. ಪೆಟ್ಟು ಎಲ್ಲ ರಾಜ್ಯಕ್ಕೂ ಬೀಳುತ್ತದೆ. ಪೆಟ್ಟು ಬಿದ್ದ ಮೇಲೆ ಸುಟ್ಟದ್ದನ್ನು ಕಟ್ಟಿಸಿಕೊಡಲು, ತಪ್ಪಿದ ದತ್ತಿಯನ್ನು ಮತ್ತೆ ನಡೆಸಲು, ಊರಿನವರ ಹಕ್ಕಿಗೆ ಹೊಣೆ ನಿಲ್ಲಲು ಬರುವವರು ಯಾರು? ಆ ಹೊಣೆ ಹೊರಲು ಹಳೆಯ ಪ್ರಭುವಿನ ಅಧಿಕಾರಿಯೇ ಬಂದರೆ ಪ್ರಭುತ್ವ ಇನ್ನೂ ಇದೆ ಎಂದು ಅರ್ಥ. ಬೇರೊಬ್ಬ ಬಂದರೆ, ಸಿಂಹಾಸನದ ಮೇಲೆ ಯಾರೇ ಕುಳಿತಿರಲಿ, ಅದು ಮುಗಿದಿದೆ.

ಈ ಅಳತೆಯನ್ನು ಪರೀಕ್ಷಿಸಲು ಗದಗ ತಾಲ್ಲೂಕಿನ ಗಾವರವಾಡದಲ್ಲೇ ಒಂದು ಶಾಸನವಿದೆ. ಕಾಲ 1071-72. ಹನ್ನೊಂದನೆಯ ಶತಮಾನದ ನಡುವಿನಲ್ಲಿ ಚೋಳರ ಸೈನ್ಯ ಬೆಳ್ವೊಲಕ್ಕೆ ನುಗ್ಗಿ, ಗಂಗ ಅರಸ ಪೆರ್ಮಾಡಿಯ ಕಾಲದಿಂದ ಬಂದ ಜಿನಾಲಯಗಳನ್ನು ಸುಟ್ಟಿತೆಂದು ಅದು ನೋವಿನಿಂದ ಹೇಳುತ್ತದೆ. ಹಾಗೆ ಮಾಡಿದ ಚೋಳ ಅರಸ ಚಾಲುಕ್ಯ ಮೊದಲನೆಯ ಸೋಮೇಶ್ವರನೊಡನೆ ಕಾದಿ ತಲೆ ಕಳೆದುಕೊಂಡನೆಂದೂ ಹೇಳುತ್ತದೆ. 1054ರ ಕೊಪ್ಪಂ ಯುದ್ಧದಲ್ಲಿ ಚೋಳ ರಾಜಾಧಿರಾಜ ಮಡಿದದ್ದು ಇತಿಹಾಸಕಾರರೆಲ್ಲ ಒಪ್ಪಿದ ಸಂಗತಿ. ಆದರೆ ಶಾಸನದ ನಿಜವಾದ ವಿಷಯ ಯುದ್ಧವಲ್ಲ. ಎರಡನೆಯ ಸೋಮೇಶ್ವರನ ಕೆಳಗೆ ಬೆಳ್ವೊಲ, ಪುಲಿಗೆರೆ ಎರಡನ್ನೂ ಆಳುತ್ತಿದ್ದ ಲಕ್ಷ್ಮರಸ ಬಂದು ಬಸದಿಯ ಧರ್ಮವನ್ನು ಮತ್ತೆ ನಿಲ್ಲಿಸಿದ ಎಂಬುದು ಅದರ ತಿರುಳು. ನಾಡಿನ ನಡುವಿಗೇ ಶತ್ರು ಬಂದು ಬೆಂಕಿ ಇಟ್ಟಾಗ ಅದನ್ನು ಕಣ್ಣಾರೆ ಕಂಡವರು ಚಾಲುಕ್ಯರ ಕಾಲ ಮುಗಿಯಿತೆಂದುಕೊಂಡಿದ್ದರೆ ಆಶ್ಚರ್ಯವಿಲ್ಲ. ಆದರೆ ಅದಾದ ಮೇಲೆ ಬಂದದ್ದು ಆರನೆಯ ವಿಕ್ರಮಾದಿತ್ಯನ ಐವತ್ತು ವರ್ಷಗಳ ಆಳ್ವಿಕೆ. ಇದೇ ಸೀಮೆ ಎಂಟು ಶತಮಾನಗಳ ನಂತರ ಅಂಥದೇ ಇನ್ನೊಂದು ಗಳಿಗೆ ಕಂಡಿತು. 1858ರಲ್ಲಿ ಮುಂಡರಗಿಯ ಭೀಮರಾಯ ಡಂಬಳದ ಮೇಲೆ ಬಿದ್ದು, ಕೊಪ್ಪಳದ ಕೋಟೆ ಹಿಡಿದು ಅಲ್ಲೇ ಹೋರಾಡಿ ಮಡಿದ. ನರಗುಂದದ ಬಾಬಾಸಾಹೇಬ ಬ್ರಿಟಿಷ್ ಪೊಲಿಟಿಕಲ್ ಏಜೆಂಟ್ ಮ್ಯಾನ್ಸನ್‌ನ ತಲೆ ತೆಗೆಸಿ, ಬೆಳಗಾವಿಯಲ್ಲಿ ಗಲ್ಲಿಗೇರಿದ. ಆ ವೀರರ ತ್ಯಾಗ ದೊಡ್ಡದು. ಆದರೆ ಕೆಲವೇ ವಾರಗಳಲ್ಲಿ ಬ್ರಿಟಿಷರ ಕಚೇರಿ, ಖಜಾನೆ ಮತ್ತೆ ನಡೆಯತೊಡಗಿದವು. ಆಮೇಲೂ 89 ವರ್ಷ ನಡೆದವು. ಏಟು ತಿಂದದ್ದನ್ನೇ ಇಳಿತವೆಂದು ಓದುವವರು ಎರಡೂ ಸಲ ತಪ್ಪುತ್ತಿದ್ದರು.

ವಿಕ್ರಮಾದಿತ್ಯನ ಕಾಲದಲ್ಲಿ ಈ ನೆಲದ ಮೇಲೆ ಚಾಲುಕ್ಯರ ಪ್ರಭಾವ ಎಷ್ಟಿತ್ತೆಂಬುದಕ್ಕೆ ಮುಂಡರಗಿ ತಾಲ್ಲೂಕಿನ ಡಂಬಳವನ್ನೇ ನೋಡಬಹುದು. 1095ರ ಅಲ್ಲಿನ ಶಾಸನ ಊರನ್ನು ಧರ್ಮವೊಳಲು ಎಂದು ಕರೆಯುತ್ತದೆ. ಆಳುತ್ತಿದ್ದವಳು ವಿಕ್ರಮಾದಿತ್ಯನ ರಾಣಿ ಲಕ್ಷ್ಮಾದೇವಿ. ಹದಿನಾರು ಮಂದಿ ಸೆಟ್ಟಿಗಳು ಸೇರಿ ಕಟ್ಟಿಸಿದ ಬೌದ್ಧ ವಿಹಾರಕ್ಕೂ, ಲೊಕ್ಕಿಗುಂಡಿಯ ಒಬ್ಬ ದೊಡ್ಡ ವ್ಯಾಪಾರಿ ಕಟ್ಟಿಸಿದ ತಾರಾದೇವಿಯ ವಿಹಾರಕ್ಕೂ ದತ್ತಿ ಸಂದದ್ದನ್ನು ಅದು ದಾಖಲಿಸುತ್ತದೆ. ಶೈವ, ಜೈನ, ವೈಷ್ಣವ ಗುಡಿಗಳ ನಡುವೆ, ಕರ್ನಾಟಕದಲ್ಲಿ ಬೌದ್ಧ ಧರ್ಮ ಬಹುತೇಕ ಮರೆಯಾಗುತ್ತಿದ್ದ ಹೊತ್ತಿನಲ್ಲಿ, ವ್ಯಾಪಾರಸ್ಥರು ಒಂದು ವಿಹಾರ ಕಟ್ಟಿ ಅದರ ಖರ್ಚಿಗೆ ಶಾಶ್ವತ ಆದಾಯ ಬರೆಸುತ್ತಾರೆಂದರೆ, ಬರೆಸಿದ್ದು ಮುಂದೆಯೂ ನಡೆಯುತ್ತದೆಂಬ ಭರವಸೆ ಅವರಿಗೆ ಇರಲೇಬೇಕು. ಶಾಸನದ ಕಾಲವನ್ನು ಬರೆದದ್ದು ಚಾಲುಕ್ಯ ವಿಕ್ರಮ ವರ್ಷದಲ್ಲಿ. 1076ರಲ್ಲಿ ಪಟ್ಟಕ್ಕೆ ಬಂದ ವಿಕ್ರಮಾದಿತ್ಯ ಶಕ ವರ್ಷದ ಎಣಿಕೆಯನ್ನು ಬದಿಗಿಟ್ಟು ತನ್ನ ಹೆಸರಿನಲ್ಲೇ ಹೊಸ ಎಣಿಕೆ ಶುರುಮಾಡಿದ್ದ. ಸೆಟ್ಟಿಗಳು, ಮಹಾಜನರು, ಸ್ಥಾನಾಚಾರ್ಯರು ತಮ್ಮ ಪತ್ರಗಳಿಗೆ ಅದನ್ನೇ ಹಾಕಿಕೊಂಡರು. ಲಕ್ಕುಂಡಿಯ ಟಂಕಸಾಲೆಯ ಹೆಸರಿನಿಂದ ಲೊಕ್ಕಿ ಗದ್ಯಾಣ ಎಂಬ ನಾಣ್ಯವೇ ಚಲಾವಣೆಯಲ್ಲಿತ್ತು. ಒಬ್ಬನ ಹೆಸರಿನ ಕಾಲವನ್ನೂ ಅವನ ನಾಡಿನ ನಾಣ್ಯವನ್ನೂ ಜನ ಒಪ್ಪಿ ಬಳಸುವುದಕ್ಕಿಂತ ದೊಡ್ಡ ಪ್ರಭಾವ ಇನ್ನೊಂದಿರಲಾರದು.

ಈ ಒಪ್ಪಿಗೆ ಹೆದರಿಕೆಯಿಂದ ಹುಟ್ಟಿದ್ದಲ್ಲ ಎಂಬುದಕ್ಕೆ ಇನ್ನೂ ಹಳೆಯ ಸಾಕ್ಷಿ ಲಕ್ಷ್ಮೇಶ್ವರದಲ್ಲಿದೆ. ಸುಮಾರು 725ರಲ್ಲಿ, ಬಾದಾಮಿ ಚಾಲುಕ್ಯರ ಯುವರಾಜ ವಿಕ್ರಮಾದಿತ್ಯ ಪೊರಿಗೆರೆಯ, ಅಂದರೆ ಪುಲಿಗೆರೆಯ, ಮಹಾಜನರಿಗೂ ಹದಿನೆಂಟು ಪ್ರಕೃತಿಗಳಿಗೂ (ಜನವರ್ಗಗಳಿಗೂ) ಒಂದು ಆಚಾರವ್ಯವಸ್ಥೆ ಬರೆದುಕೊಟ್ಟ. ರಾಜಪುರುಷರು ಊರಿನವರಿಗೆ ಏನು ನಡೆಸಿಕೊಡಬೇಕು, ಊರಿನವರು ಸ್ಥಿತಿಗತಿಗೆ ತಕ್ಕ ಹಾಗೆ ಎಷ್ಟು ತೆರಬೇಕು ಎಂದು ಎರಡೂ ಕಡೆಯ ಕಟ್ಟುಪಾಡನ್ನು ಕಲ್ಲಿನ ಮೇಲೆ ಕೆತ್ತಿದ ಪತ್ರ ಅದು. ಆ ಕಾಲಕ್ಕೆ ಭಾರತದಲ್ಲೇ ಇಂಥ ಪತ್ರ ಅಪರೂಪ. ಮಹಾಪ್ರಭುತ್ವದಿಂದ ಈ ಸೀಮೆಯ ಜನ ಏನನ್ನು ಬಯಸುತ್ತಿದ್ದರೆಂದು ಅದು ತಿಳಿಸುತ್ತದೆ. ಅವರು ಬಯಸಿದ್ದು ಬರೆದದ್ದು ನಡೆಯುವ ಖಾತ್ರಿ.

ಆ ಖಾತ್ರಿ ಸಡಿಲವಾದದ್ದು ಹನ್ನೆರಡನೆಯ ಶತಮಾನದ ಎರಡನೆಯ ಕಾಲುಭಾಗದಿಂದ. ಮೂರನೆಯ ಸೋಮೇಶ್ವರ 1129ರ ಸುಮಾರಿಗೆ ಮಾನಸೋಲ್ಲಾಸ ಎಂಬ ಮಹಾಕೋಶ ಬರೆದ ಪಂಡಿತ ದೊರೆ. ಅಡುಗೆಯಿಂದ ಆನೆಯವರೆಗೆ ಅವನಿಗೆ ತಿಳಿಯದ ವಿಷಯವಿರಲಿಲ್ಲ. ಆದರೆ ಅವನ ಕಾಲದಿಂದಲೇ ಹೊಯ್ಸಳ ವಿಷ್ಣುವರ್ಧನನ ಕೈ ಉತ್ತರಕ್ಕೆ ಚಾಚುತ್ತಲೇ ಹೋಯಿತು. ಮುಂದೆ ಮೂರನೆಯ ತೈಲಪನ ಕಾಲಕ್ಕೆ ಬಂದರೆ, ಕಾಕತೀಯ ಎರಡನೆಯ ಪ್ರೋಲ ತನ್ನ ಒಡೆಯನನ್ನೇ ಸೆರೆಹಿಡಿದು, ಆಮೇಲೆ ಭಕ್ತಿಯಿಂದ ಬಿಟ್ಟುಕೊಟ್ಟ ಎಂದು ಹನುಮಕೊಂಡದ ಶಾಸನ ಹೇಳುತ್ತದೆ. ಇದನ್ನು ನಿಧಾನವಾಗಿ ಓದಬೇಕು. ಸಾಮಂತ ಸಾಮ್ರಾಟನನ್ನು ಕೊಲ್ಲಲಿಲ್ಲ, ಅವನ ಕಿರೀಟ ಕಿತ್ತುಕೊಳ್ಳಲಿಲ್ಲ, ಮರ್ಯಾದೆಯಿಂದಲೇ ಬಿಟ್ಟ. ಹೆಸರಿಗೆ ಇನ್ನೂ ಬೆಲೆಯಿತ್ತು, ಹೆಸರಿನ ಹಿಂದಿನ ಬಲಕ್ಕೆ ಇರಲಿಲ್ಲ. ಕೊನೆಗೆ 1157ರ ಹೊತ್ತಿಗೆ ಕಳಚುರಿ ಬಿಜ್ಜಳ ಕಲ್ಯಾಣವನ್ನು ಕೈಗೆ ತೆಗೆದುಕೊಂಡ. ಬಿಜ್ಜಳನ ಕೈಯಲ್ಲಿದ್ದದ್ದು ತರ್ದವಾಡಿ ನಾಡು. ರಾಷ್ಟ್ರಕೂಟರನ್ನು 973ರಲ್ಲಿ ಕೆಡವಿ ಚಾಲುಕ್ಯ ರಾಜ್ಯ ಕಟ್ಟಿದ ಇಮ್ಮಡಿ ತೈಲಪ ಸಾಮಂತನಾಗಿ ಆಳಿಕೊಂಡಿದ್ದದ್ದೂ ಅದೇ ತರ್ದವಾಡಿ. ಸಾಮ್ರಾಜ್ಯ ದೊಡ್ಡದಾದಷ್ಟೂ ಮಹಾಮಂಡಲೇಶ್ವರರಿಗೆ ನಾಡು, ಸೈನ್ಯ, ತೆರಿಗೆ ಹಂಚಿಕೊಡಲೇಬೇಕು. ಹಂಚಿಕೊಟ್ಟದ್ದೇ ಒಂದು ದಿನ ತಿರುಗಿ ನಿಲ್ಲುತ್ತದೆ. ಸೇವುಣರು, ಹೊಯ್ಸಳರು, ಕಾಕತೀಯರು, ಕಳಚುರಿಗಳು ಯಾರೂ ಹೊರಗಿನಿಂದ ಬಂದ ವೈರಿಗಳಲ್ಲ. ನಾಲ್ವರೂ ಚಾಲುಕ್ಯರ ನೆರಳಲ್ಲಿ ಬೆಳೆದವರು. ನೂರು ವರ್ಷ ಕಾಡಿದ ಚೋಳರಿಂದ ಆಗದ ಕೆಲಸ ಇವರಿಂದ ಆಯಿತು.

ಇಲ್ಲಿ ಒಂದು ಆಕ್ಷೇಪ ಬರುತ್ತದೆ. ಕಲ್ಯಾಣದಲ್ಲಿ ಶರಣರ ಚಳವಳಿ ಎದ್ದು, 1167ರ ಸುಮಾರಿಗೆ ಬಿಜ್ಜಳನ ಅಂತ್ಯವಾಗಿ, ಆ ಗದ್ದಲದಲ್ಲೇ ಸಾಮ್ರಾಜ್ಯ ಮುರಿಯಿತೆಂದು ಎಷ್ಟೋ ಜನ ನಂಬುತ್ತಾರೆ. ಕಾಲಕ್ರಮ ಇದಕ್ಕೆ ಒಪ್ಪುವುದಿಲ್ಲ. ಬಿಜ್ಜಳನ ಮರಣಕ್ಕೆ ಹತ್ತು ವರ್ಷ ಮೊದಲೇ ಚಾಲುಕ್ಯ ಅರಸ ತನ್ನ ರಾಜಧಾನಿಯಲ್ಲಿ ಒಡೆಯನಾಗಿ ಉಳಿದಿರಲಿಲ್ಲ. ಶರಣರ ಕ್ರಾಂತಿ ಎದ್ದದ್ದು ಆಗಲೇ ಬಿರುಕು ಬಿಟ್ಟಿದ್ದ ಮನೆಯಲ್ಲಿ. ಬಿರುಕಿಗೆ ಅವರನ್ನು ಹೊಣೆ ಮಾಡುವುದು ನ್ಯಾಯವಲ್ಲ. ಬಿಜ್ಜಳನ ಮಕ್ಕಳು ಆಮೇಲೂ ಹದಿನೇಳು ವರ್ಷ ಒಬ್ಬರ ಹಿಂದೊಬ್ಬರು ಆಳಿದರು ಎಂಬುದನ್ನೂ ಮರೆಯಬಾರದು.

1184ರ ಸುಮಾರಿಗೆ ಚಾಲುಕ್ಯರು ಮರಳಿ ಬಂದರು. ನಾಲ್ಕನೆಯ ಸೋಮೇಶ್ವರ ಗದುಗಿಗೆ ಹತ್ತಿರವೇ ಇರುವ ಅಣ್ಣಿಗೇರಿಯಲ್ಲಿ ನೆಲೆ ನಿಂತ. ಹಳೆಯ ಬಿರುದುಗಳು, ಹಳೆಯ ವೈಭವದ ಮಾತುಗಳು ಮತ್ತೆ ಕಲ್ಲಿನ ಮೇಲೆ ಬಂದವು. ಇಳಿತವೇ ಸುಳ್ಳು ಎನ್ನುವವರಿಗೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಸಿಕ್ಕಲಾರದು. ಆದರೆ ಆ ಮರುಸ್ಥಾಪನೆ ಮಾಡಿದವನು ದಂಡನಾಯಕ ಬ್ರಹ್ಮ. ಚಾಲುಕ್ಯ ರಾಜ್ಯವನ್ನು ಪ್ರತಿಷ್ಠಾಪಿಸಿದವನು ಎಂಬ ಬಿರುದು ಅವನಿಗೇ ಸಂದಿತು. ಒಬ್ಬ ದಂಡನಾಯಕನಿಗೆ ಇಂಥ ಬಿರುದು ಸಿಕ್ಕುವ ಕಾಲದಲ್ಲಿ ರಾಜ್ಯ ನಿಂತಿರುವುದು ಅವನ ಭುಜದ ಮೇಲೆ. ಆನೆಗಳ ದೊಡ್ಡ ಪಡೆಯಿದ್ದ ಬ್ರಹ್ಮನನ್ನು ಬಲ್ಲಾಳ ಬರೀ ಕುದುರೆ ಪಡೆಯಿಂದಲೇ ಗೆದ್ದನೆಂದು ಗದುಗಿನ ಶಾಸನ ಹೇಳುತ್ತದೆ. ಆ ಭುಜ ಕುಸಿದ ಮೇಲೆ ಉಳಿದದ್ದು ಇಬ್ಬರು ಮಾಜಿ ಸಾಮಂತರ ಜಗಳ. ಉತ್ತರದಿಂದ ಭಿಲ್ಲಮ ಕಲ್ಯಾಣವನ್ನು ಹಿಡಿದು ಬೆಳ್ವೊಲದವರೆಗೆ ಬಂದ, ದಕ್ಷಿಣದಿಂದ ಬಲ್ಲಾಳ ತುಂಗಭದ್ರೆ ದಾಟಿ ಬಂದ. ಇಬ್ಬರೂ ಎದುರಾದದ್ದು ಗದಗ ತಾಲ್ಲೂಕಿನ ಸೊರಟೂರಿನಲ್ಲಿ. ಸೇವುಣರ ಸೈನ್ಯ ಸೋತು ಉತ್ತರಕ್ಕೆ ಸರಿಯಿತು. ಭಿಲ್ಲಮನ ಬಲಗೈಯಂತಿದ್ದ ಜೈತ್ರಸಿಂಹನನ್ನೂ ಗೆದ್ದು ಬಲ್ಲಾಳ ಲೊಕ್ಕಿಗುಂಡಿಯಲ್ಲಿ ನೆಲೆಸಿದ. ಚಾಲುಕ್ಯರ ಸಾಮ್ರಾಜ್ಯಕ್ಕಾಗಿ ನಡೆದ ಕೊನೆಯ ದೊಡ್ಡ ಕಾಳಗದಲ್ಲಿ ಚಾಲುಕ್ಯರೇ ಇರಲಿಲ್ಲ.

ಗೆದ್ದವರ ಪ್ರಶಸ್ತಿಗಳನ್ನು ನಂಬಿ ಇತಿಹಾಸ ಬರೆಯಬಹುದೇ ಎಂದು ಕೇಳಿದರೆ, ಕೂಡದು ಎಂದೇ ಹೇಳಬೇಕು. ಭಿಲ್ಲಮನಿಗೆ ಎರಡು ಲಕ್ಷ ಕಾಲಾಳು, ಹನ್ನೆರಡು ಸಾವಿರ ಕುದುರೆ ಇದ್ದವೆಂದು ಹೊಯ್ಸಳರ ಕಡೆಯ ಶಾಸನ ಹೇಳುವುದು ಬಲ್ಲಾಳನ ಗೆಲುವನ್ನು ಹಿಗ್ಗಿಸಲು. ನಾನು ಆಧಾರವಾಗಿ ಹಿಡಿದಿರುವುದು ಆ ಭಾಗವನ್ನಲ್ಲ. ಶಾಸನದ ಪದ್ಯಗಳು ಮುಗಿದ ಮೇಲೆ ಬರುವ ಒಣ ವಿವರದಲ್ಲಿ, ಅಂದರೆ ಊರು ಯಾವುದು, ತಿಥಿ ಯಾವುದು, ಯಾರು ಕೊಟ್ಟರು, ಯಾರು ಪಡೆದರು ಎಂಬಲ್ಲಿ, ಉತ್ಪ್ರೇಕ್ಷೆಗೆ ಜಾಗವಿಲ್ಲ; ತಪ್ಪಿದರೆ ಹೊಲವೇ ಕೈತಪ್ಪುತ್ತದೆ. ಆ ವಿವರದಲ್ಲಿ ಎರಡು ಸಂಗತಿಗಳು ಎದ್ದು ಕಾಣುತ್ತವೆ. ಒಂದು, ಭಿಲ್ಲಮ ಬಲ್ಲಾಳ ಇಬ್ಬರ ದತ್ತಿಗಳ ಕಾಲವೂ ಶಕ ವರ್ಷದಲ್ಲಿದೆ. ವಿಕ್ರಮಾದಿತ್ಯ ಬದಿಗಿಡಹೊರಟ ಎಣಿಕೆ ಅವನ ನಾಡಿನ ನಡುವಿಗೇ ಮರಳಿ ಬಂದಿತ್ತು. ಇನ್ನೊಂದು, ಚಂದ್ರಭೂಷಣ ಪಂಡಿತರ ನಡೆ. ಒಂದೇ ಪೀಠದ ಮೇಲೆ ಮೂರು ಲಿಂಗಗಳಿರುವ ತ್ರಿಕೂಟೇಶ್ವರದ ಸ್ಥಾನವನ್ನು ನಡೆಸುತ್ತಿದ್ದ ಆಚಾರ್ಯರು ಅವರು. ಪೂಜೆ, ದುರಸ್ತಿ, ತಪಸ್ವಿಗಳ ಊಟ, ವಿದ್ಯಾರ್ಥಿಗಳ ಓದು ಎಲ್ಲಕ್ಕೂ ಹುಟ್ಟುವಳಿ ಬೇಕು. ಸತ್ಯವಾಕ್ಯ ಎಂಬ ಹೆಸರು ಪಡೆದ ಆ ಹಿರಿಯರು ಎರಡು ವರ್ಷದೊಳಗೆ ಇಬ್ಬರು ವೈರಿಗಳಿಂದ ದತ್ತಿ ಪಡೆದದ್ದನ್ನು ಅವಕಾಶವಾದ ಎನ್ನಲಾರೆ. ಸಂಸ್ಥೆ ನಡೆಸುವವರು ಖಾತ್ರಿ ಕೊಡಬಲ್ಲವರ ಕಡೆ ತಿರುಗಲೇಬೇಕು. ಗಾವರವಾಡಕ್ಕೆ ಬಂದಂತೆ ಗದುಗಿಗೆ ಚಾಲುಕ್ಯರ ಲಕ್ಷ್ಮರಸ ಬರುವ ಕಾಲ ಹೋಗಿತ್ತು.

ಎಲ್ಲಕ್ಕಿಂತ ಬಲವಾದ ಆಕ್ಷೇಪ ಇನ್ನೊಂದಿದೆ. ಅರಸುಮನೆ ಹೋದರೂ ಪ್ರಭಾವ ಹೋಯಿತೇ? ಬಲ್ಲಾಳನೂ ಸೇವುಣರೂ ಹೊಸ ಬಿರುದು ಹುಡುಕಲಿಲ್ಲ. ಸಮಸ್ತಭುವನಾಶ್ರಯ, ಶ್ರೀಪೃಥ್ವೀವಲ್ಲಭ, ಮಹಾರಾಜಾಧಿರಾಜ ಎಂಬ ಚಾಲುಕ್ಯರ ಬಿರುದುಗಳನ್ನೇ ತೊಟ್ಟರು. ಲಕ್ಕುಂಡಿಯ ಕಾಶಿವಿಶ್ವೇಶ್ವರ, ಡಂಬಳದ ದೊಡ್ಡಬಸಪ್ಪನ ಗುಡಿಗಳಲ್ಲಿ ಮಾಗಿದ ಕಲ್ಲಿನ ಕೆಲಸದ ಮೈಕಟ್ಟು ಹೊಯ್ಸಳರ ದೇಗುಲಗಳಿಗೂ ಹರಿಯಿತು. ವಿಕ್ರಮಾದಿತ್ಯನ ಕಲ್ಯಾಣದಲ್ಲಿ ವಿಜ್ಞಾನೇಶ್ವರ ಬರೆದ ಮಿತಾಕ್ಷರ ಬ್ರಿಟಿಷರ ನ್ಯಾಯಾಲಯಗಳಲ್ಲಿ ಹಿಂದೂ ಆಸ್ತಿಹಕ್ಕಿನ ಆಧಾರ ಗ್ರಂಥವಾಯಿತು. 2005ರ ತಿದ್ದುಪಡಿ ಹೆಣ್ಣುಮಕ್ಕಳಿಗೆ ಹುಟ್ಟಿನಿಂದಲೇ ಪಾಲು ಕೊಟ್ಟದ್ದು ಮಿತಾಕ್ಷರ ಪದ್ಧತಿಯ ಅವಿಭಕ್ತ ಕುಟುಂಬದಲ್ಲೇ. ಇಷ್ಟೆಲ್ಲ ಉಳಿದಿರುವಾಗ ಇಳಿತದ ಮಾತೇಕೆ? ಈ ಆಕ್ಷೇಪದಲ್ಲಿ ಹುರುಳಿದೆ, ಆದರೆ ಅದು ಎರಡು ಬೇರೆ ಸಂಗತಿಗಳನ್ನು ಒಂದೇ ಎಂದು ಹಿಡಿಯುತ್ತದೆ. ಮಿತಾಕ್ಷರ ಉಳಿದದ್ದು ಅದರ ತರ್ಕದ ಗಟ್ಟಿತನದಿಂದ; ಅದನ್ನು ಜಾರಿಗೆ ತರಲು ಚಾಲುಕ್ಯ ಸೈನಿಕ ಬೇಕಾಗಿರಲಿಲ್ಲ. ಬಿರುದುಗಳು ಉಳಿದದ್ದು ತೊಟ್ಟವರ ಗೌರವ ಹೆಚ್ಚಲೆಂದು. ಪರಂಪರೆಯಾಗಿ ಉಳಿಯುವುದು ಬೇರೆ, ಪ್ರಭುವಾಗಿ ಉಳಿಯುವುದು ಬೇರೆ. 1192ರಲ್ಲಿ ಹಂದಿಗೋಳದ ಒಕ್ಕಲಿಗನ ಹೊಲಕ್ಕೆ ತಕರಾರು ಬಂದಿದ್ದರೆ ಅವನಿಗೆ ಬೇಕಾಗಿದ್ದದ್ದು ತೀರ್ಪು ಕೊಟ್ಟು ಅದನ್ನು ನಡೆಸಬಲ್ಲ ಅಧಿಕಾರಿ.

ಗದುಗಿನ ಈ ಅಳತೆಯನ್ನು ಹಿಡಿದು ನಮ್ಮ ಕಾಲದ ಮಹಾಶಕ್ತಿಯನ್ನೂ ನೋಡಬಹುದು. ಅಮೆರಿಕ ಇಳಿಯುತ್ತಿದೆ ಎಂದು ವಾದಿಸುವವರು ವಿಯೆಟ್ನಾಂ, 2021ರ ಕಾಬೂಲು ಎಂದು ಸೋಲುಗಳನ್ನು ಎತ್ತಿ ಹೇಳುತ್ತಾರೆ. 1975ರ ವಿಯೆಟ್ನಾಂ ಸೋಲಿನ ಹದಿನಾರು ವರ್ಷಗಳ ನಂತರ ಕುಸಿದದ್ದು ಸೋವಿಯತ್ ಒಕ್ಕೂಟ. ಆ ಸೋಲು ಬೆಳ್ವೊಲಕ್ಕೆ ಚೋಳರು ಇಟ್ಟ ಬೆಂಕಿಯಂಥದು. ಡಾಲರಿನ ಲೆಕ್ಕ ಅದಕ್ಕಿಂತ ಗಂಭೀರ. 2000ದ ಸುಮಾರಿಗೆ ಜಗತ್ತಿನ ಕೇಂದ್ರ ಬ್ಯಾಂಕುಗಳ ವಿದೇಶಿ ವಿನಿಮಯ ಮೀಸಲಿನಲ್ಲಿ ಶೇ. 70ರಷ್ಟಿದ್ದ ಅದರ ಪಾಲು ಈಗ ಶೇ. 60ಕ್ಕಿಂತ ಕೆಳಗಿದೆ. ಆದರೂ ಅದರ ಹತ್ತಿರಕ್ಕೆ ಬರುವ ಇನ್ನೊಂದು ನಾಣ್ಯವಿಲ್ಲ. ನನಗೆ ಹೆಚ್ಚು ಚಿಂತೆಗೀಡುಮಾಡುವುದು ಖಾತ್ರಿಯ ವಿಷಯ. ವಿಶ್ವ ವ್ಯಾಪಾರ ಸಂಸ್ಥೆ ಕಟ್ಟುವುದರಲ್ಲಿ ಮುಂದಿದ್ದ ಅಮೆರಿಕವೇ ಅದರ ಮೇಲ್ಮನವಿ ಪೀಠಕ್ಕೆ ಸದಸ್ಯರ ನೇಮಕ ತಡೆದದ್ದರಿಂದ 2019ರ ಡಿಸೆಂಬರಿನಿಂದ ಆ ಪೀಠ ಕೆಲಸ ಮಾಡುತ್ತಿಲ್ಲ. ಪ್ಯಾರಿಸ್ ಹವಾಮಾನ ಒಪ್ಪಂದದಿಂದ ಹೊರಬಂದು, ಒಳಹೋಗಿ, 2025ರಲ್ಲಿ ಮತ್ತೆ ಹೊರಬರುವುದಾಗಿ ಸಾರಿತು. ಬೇರೆಯವರು ಸುಟ್ಟದ್ದನ್ನು ಕಟ್ಟಿಸಿಕೊಡದಿರುವುದು ಒಂದು ಹಂತ, ತಾನೇ ಬರೆದುಕೊಟ್ಟ ವ್ಯವಸ್ಥೆಯ ಕಲ್ಲನ್ನು ತಾನೇ ಕೀಳುವುದು ಅದರ ಮುಂದಿನದು. ಚಾಲುಕ್ಯರ ಕಾಲಮಾನದಲ್ಲಿ ಹೇಳುವುದಾದರೆ ಅಮೆರಿಕ 1192ರಲ್ಲಿಲ್ಲ. ಮೂರನೆಯ ಸೋಮೇಶ್ವರನ ಕಾಲದಲ್ಲಿದೆ: ಬೊಕ್ಕಸ ತುಂಬಿದೆ, ವಿದ್ಯೆಯಲ್ಲಿ ಸಾಟಿಯಿಲ್ಲ, ಸಾಮಂತರು ಇನ್ನೂ ಹೆಸರು ಹೇಳುತ್ತಾರೆ. ಮುಂದಿನ ಪ್ರತಿ ಬಿಕ್ಕಟ್ಟಿನಲ್ಲೂ ಸಣ್ಣ ದೇಶಗಳು ಖಾತ್ರಿಗಾಗಿ ಯಾರ ಬೀಡಿಗೆ ಹೋಗುತ್ತವೆ ಎಂಬುದನ್ನು ಓದುಗರು ಗಮನಿಸುತ್ತಿರಬೇಕು. ಬೀಜಿಂಗ್, ವಾಷಿಂಗ್ಟನ್ನುಗಳ ಭಾಷಣಗಳಿಗಿಂತ ಅದೇ ನಂಬತಕ್ಕ ಸಾಕ್ಷಿ.